ತಂತ್ರದಾಟಗಳ ಗೆಲುವಿನ ಬಗೆಗಳಿಗೂ ‘ಕೊನೆಯವರೆಗೆ ಆಡುವುದ’ಕ್ಕೂ ಒಪ್ಪುವ ಕನ್ನಡ ಮಾತು ಯಾವುದು?

ಬಲ್ಲವರಲ್ಲಿ ಒಂದು ಪದವಿಚಾರ. ಕಂಪ್ಯೂಟರಿನಲ್ಲಿ ಆಡುವ ‘ಸಿವಿಲೈಸೇಶನ್’ನಂತಹ ದೀರ್ಘವಾದ ತಂತ್ರದಾಟಗಳಲ್ಲಿ ‘ವಿಕ್ಟರಿ ಕಂಡೀಶನ್’ ಎಂಬ ಮಾತು ಬಳಕೆಯಲ್ಲಿದೆ. ಆಟವನ್ನು ಯಾವ ಯಾವ ರೀತಿಯಲ್ಲಿ ಗೆಲ್ಲಬಹುದೆಂಬುದನ್ನು ಆಟವೇ ಮೊದಲು ಹೇಳಿರುತ್ತದೆ; ಅವುಗಳಲ್ಲಿ ತನಗೆ ಒಗ್ಗುವುದನ್ನು ಆಡುವವನು ಆರಿಸಿಕೊಂಡು, ನೂರಾರು ಸರದಿಗಳ ಕಾಲ ಅದರ ಬೆನ್ನು ಹತ್ತಿ, ಕೊನೆ ಮುಟ್ಟಿಸಬೇಕು. ದಾವಣಗೆರೆಯ ನಮ್ಮ ಬಡಾವಣೆಯ ಕಾಲೇಜು ಹುಡುಗರು ರಜೆಯ ದಿನಗಳಲ್ಲಿ ಈ ಆಟ ಆಡುತ್ತಾರೆ. ಅವರು ಕೇಳಿದ್ದರಿಂದ ಅದರ ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಸೈನ್ಯ, ಊರು, ಬೆಳೆ, ಗಣಿ ಇವುಗಳಿಗೆಲ್ಲ ಮಾತುಗಳು ತಾವಾಗಿಯೇ ಒದಗಿ ಬಂದವು. ‘ಟರ್ನ್’ ಎಂಬುದಕ್ಕೆ ‘ಸರದಿ’ಯೋ ‘ಪಾಳಿ’ಯೋ ಎಂಬ ಸಣ್ಣ ಚರ್ಚೆ ನಡೆದು, ಹತ್ತಿಗಿರಣಿಗಳಿಂದ ಹೆಸರಾದ ಈ ಊರಿನ ಹಿರಿಯರಿಗೆ ಪಾಳಿ ಎಂದೊಡನೆ ಗಿರಣಿಯೇ ನೆನಪಾಗುವುದರಿಂದ ‘ಸರದಿ’ ಉಳಿಯಿತು. ನಿಜವಾಗಿ ತಡೆದದ್ದು ಎರಡು ಕಡೆ: ಗೆಲುವಿನ ಬೇರೆ ಬೇರೆ ಬಗೆಗಳನ್ನು ಏನೆಂದು ಕರೆಯಬೇಕು, ಮತ್ತು ಗೆಲುವು ಖಚಿತವಾದ ಮೇಲೂ ಎದ್ದು ಹೋಗದೆ ಕೊನೆಯ ಸರದಿಯವರೆಗೆ ಆಡುವುದನ್ನು ಏನೆಂದು ಹೇಳಬೇಕು.

ಆಟದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರಣೆ. ಆಟಗಳ ವಿನ್ಯಾಸಕ ಸಿಡ್ ಮೈಯರ್ ಅವರ ಹೆಸರಿನಲ್ಲಿ 1991ರಲ್ಲಿ ಬಂದ ಮೊದಲ ‘ಸಿವಿಲೈಸೇಶನ್’ನಲ್ಲಿ ಗೆಲ್ಲುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿದ್ದವು: ಉಳಿದ ನಾಡುಗಳನ್ನೆಲ್ಲ ಅಳಿಸಿಹಾಕುವುದು, ಇಲ್ಲವೆ ಎಲ್ಲರಿಗಿಂತ ಮೊದಲು ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆಯನ್ನು ಮುಟ್ಟಿಸುವುದು. 2001ರ ಮೂರನೆಯ ಆವೃತ್ತಿಯಲ್ಲಿ ಸಂಸ್ಕೃತಿಯ ಬಲದಿಂದ ಗೆಲ್ಲುವ ಮತ್ತು ಇತರ ನಾಡುಗಳ ಒಪ್ಪಿಗೆ ಪಡೆದು ಗೆಲ್ಲುವ ದಾರಿಗಳು ಸೇರಿಕೊಂಡವು. ನಮ್ಮ ಹುಡುಗರು ಆಡುವುದು 2016ರ ಆರನೆಯ ಆವೃತ್ತಿಯನ್ನು. ಅದರಲ್ಲಿ ಎಲ್ಲ ಎದುರಾಳಿಗಳ ಮೂಲ ರಾಜಧಾನಿಗಳನ್ನು ಹಿಡಿದು ಗೆಲ್ಲಬಹುದು. ಉಪಗ್ರಹ ಹಾರಿಸಿ, ಚಂದ್ರನ ಮೇಲೆ ಇಳಿದು, ಮಂಗಳದಲ್ಲಿ ನೆಲೆಯೂರಿ ಗೆಲ್ಲಬಹುದು. ಪರನಾಡಿನ ಪ್ರವಾಸಿಗರನ್ನು ತನ್ನತ್ತ ಸೆಳೆದು ಗೆಲ್ಲಬಹುದು. ತಾನು ಹುಟ್ಟುಹಾಕಿದ ಧರ್ಮವು ಪ್ರತಿಯೊಂದು ನಾಡಿನ ಅರ್ಧಕ್ಕಿಂತ ಹೆಚ್ಚು ಊರುಗಳಲ್ಲಿ ನೆಲೆಗೊಂಡರೆ ಗೆಲ್ಲಬಹುದು. ಆಟಕ್ಕೆ 2019ರಲ್ಲಿ ಸೇರಿಸಿದ ವಿಸ್ತರಣೆಯಿಂದೀಚೆಗೆ ಎಲ್ಲ ನಾಡುಗಳೂ ಸೇರುವ ಒಂದು ಸಭೆಯಲ್ಲಿ ಅಂಕ ಕೂಡಿಸಿಯೂ ಗೆಲ್ಲಬಹುದು. ಯಾರೂ ಯಾವುದನ್ನೂ ಸಾಧಿಸದೆ ಸಾಮಾನ್ಯ ವೇಗದ ಆಟದಲ್ಲಿ 500 ಸರದಿಗಳು ಕಳೆದುಹೋದರೆ ಒಟ್ಟು ಅಂಕ ಎಣಿಸಿ ಗೆದ್ದವರನ್ನು ಹೇಳುತ್ತಾರೆ.

ಮೊದಲಿಗೆ ತೋಚುವುದು ‘ವಿಜಯ’ ಎಂಬ ಪದದ ಹಿಂದೆ ಒಂದೊಂದು ವಿಶೇಷಣ ಹಚ್ಚುವುದು. ಆದರೆ ಹಾಗೆ ಹಚ್ಚಲು ಹೊರಟ ಕೂಡಲೆ ತೊಡಕುಗಳು ಕಾಣಿಸಿಕೊಳ್ಳುತ್ತವೆ. ಧರ್ಮಪ್ರಸಾರದ ಗೆಲುವನ್ನು ‘ಮತದ ಗೆಲುವು’ ಎಂದರೆ, ಸಭೆಯಲ್ಲಿ ಮತ ಹಾಕಿಸಿಕೊಂಡು ಗೆಲ್ಲುವುದೂ ‘ಮತದ ಗೆಲುವೇ’ ಆಗುತ್ತದೆ; ಒಂದೇ ಪುಟದಲ್ಲಿ ಎರಡೂ ಬಂದರೆ ಓದುಗ ದಾರಿ ತಪ್ಪುವುದು ಖಂಡಿತ. ‘ಧರ್ಮವಿಜಯ’ ಎನ್ನೋಣವೆಂದರೆ ಆ ಪದಕ್ಕೆ ಈಗಾಗಲೇ ಒಂದು ತೂಕದ ಅರ್ಥವಿದೆ. ನಮ್ಮ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವುದು ಅಶೋಕನ ಕಿರುಶಾಸನಗಳು. ಅವುಗಳಲ್ಲಿ ಈ ಪದವಿಲ್ಲ. ಅದು ಇರುವುದು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಾಸನದಲ್ಲಿ, ‘ಧಮ್ಮವಿಜಯ’ ಎಂಬ ರೂಪದಲ್ಲಿ. ಅಲ್ಲಿ ಅದು ಶಸ್ತ್ರದಿಂದ ಗೆಲ್ಲುವುದನ್ನು ಬಿಟ್ಟವನ ಗೆಲುವು. ಆಟದಲ್ಲಾದರೋ ಪ್ರಚಾರಕರನ್ನು ಕಳುಹಿಸಿ, ಎದುರಾಳಿಯ ಪ್ರಚಾರಕರೊಡನೆ ವಾದದಲ್ಲಿ ಕಾದಾಡಿಸಿ, ಊರೂರನ್ನೂ ತನ್ನ ಕಡೆಗೆ ಒಲಿಸಿಕೊಳ್ಳುವ ಕೆಲಸ. ಅಶೋಕನ ಪದವನ್ನು ಇದಕ್ಕೆ ಹೊದಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

‘ದಿಗ್ವಿಜಯ’ದ ಕಥೆಯೂ ಹೀಗೆಯೇ. ರಾಜಧಾನಿಗಳನ್ನೆಲ್ಲ ಹಿಡಿಯುವ ಗೆಲುವಿಗೆ ಇದೇ ತಕ್ಕ ಪದವೆಂದು ಬಹುಮಂದಿ ಹೇಳುತ್ತಾರೆ. ಆದರೆ ನಮ್ಮ ಪುರಾಣಕಾವ್ಯಗಳ ದಿಗ್ವಿಜಯದಲ್ಲಿ ಸೋತ ಅರಸರು ಸಾಮಾನ್ಯವಾಗಿ ಕಪ್ಪಕಾಣಿಕೆ ಒಪ್ಪಿಸಿ ತಮ್ಮ ಸಿಂಹಾಸನದಲ್ಲಿಯೇ ಉಳಿಯುತ್ತಾರೆ. ರಾಜಸೂಯಕ್ಕೆ ಮೊದಲು ಪಾಂಡವರು ನಡೆಸಿದ್ದು ಇಂಥದ್ದನ್ನು. ಈ ಭೇದವನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬಹಳ ಸ್ಪಷ್ಟವಾಗಿ ಹೇಳಿದ್ದಾನೆ: ಶರಣಾಗತಿಯಿಂದಲೇ ತೃಪ್ತನಾಗುವವನು ಧರ್ಮವಿಜಯಿ, ನೆಲವನ್ನೂ ಹಣವನ್ನೂ ಕಿತ್ತುಕೊಂಡು ಸುಮ್ಮನಾಗುವವನು ಲೋಭವಿಜಯಿ, ನೆಲ ಹಣಗಳ ಜೊತೆಗೆ ಹೆಂಡಿರು ಮಕ್ಕಳನ್ನೂ ಪ್ರಾಣವನ್ನೂ ತೆಗೆದುಕೊಳ್ಳುವವನು ಅಸುರವಿಜಯಿ. ಗೆಲ್ಲುವುದೆಲ್ಲ ಒಂದೇ ಅಲ್ಲ, ಹೇಗೆ ಗೆದ್ದನೆಂಬುದರಿಂದ ಗೆದ್ದವನ ಹೆಸರೇ ಬದಲಾಗಬೇಕು ಎಂಬ ಅರಿವು ನಮ್ಮಲ್ಲಿ ಎಷ್ಟು ಹಳೆಯದೆಂಬುದನ್ನು ಇದು ತೋರಿಸುತ್ತದೆ. ಆ ಲೆಕ್ಕದಲ್ಲಿ ಆಟದ ರಾಜಧಾನಿ ಹಿಡಿಯುವ ಗೆಲುವು ಧರ್ಮವಿಜಯಿಯ ದಿಗ್ವಿಜಯವಂತೂ ಅಲ್ಲ. ಅದಕ್ಕೆ ಚಿತ್ರದುರ್ಗದವರ ಬಾಯಿಮಾತೇ ಹೆಚ್ಚು ನೇರವಾಗಿದೆ. 1779ರಲ್ಲಿ ಹೈದರಾಲಿ ದುರ್ಗವನ್ನು ವಶಪಡಿಸಿಕೊಂಡ ಸಂಗತಿಯನ್ನು ಹೇಳುವಾಗ ಜನ ‘ಮುತ್ತಿಗೆ ಹಾಕಿದ’, ‘ಲಗ್ಗೆ ಇಟ್ಟ’, ‘ಕೋಟೆ ಹಿಡಿದ’ ಎಂದು ಹಂತ ಹಂತವಾಗಿ ಹೇಳುತ್ತಾರೆಯೇ ಹೊರತು ವಿಜಯದ ಮಾತನ್ನು ತರುವುದಿಲ್ಲ. ಆದ್ದರಿಂದ ‘ಕೋಟೆ ಹಿಡಿದು ಗೆಲ್ಲುವುದು’ ಎಂದು ಬರೆದಿದ್ದೇನೆ.

ಹುಡುಗರು ತಮ್ಮತಮ್ಮಲ್ಲಿ ಹೇಗೆ ಮಾತನಾಡಿಕೊಳ್ಳುತ್ತಾರೆಂಬುದನ್ನು ಗಮನಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ‘ನಾನು ಈ ಸಲ ಕಲ್ಚರ್‌ಗೆ ಹೋಗ್ತೀನಿ’, ‘ಅವನು ಸೈನ್ಸಲ್ಲಿ ಗೆದ್ದ’ ಎನ್ನುತ್ತಾರೆ. ಗುರಿ ಆರಿಸಿಕೊಳ್ಳುವಾಗ ಚತುರ್ಥಿಯೂ ‘ಹೋಗು’ ಎಂಬ ಕ್ರಿಯಾಪದವೂ, ಗೆದ್ದ ಬಗೆಯನ್ನು ಹೇಳುವಾಗ ಸಪ್ತಮಿಯೂ ಬರುತ್ತವೆ. ಯಾರೂ ಹೇಳಿಕೊಡದೆಯೇ ಗೆಲುವಿನ ಬಗೆಯನ್ನು ಅವರು ಒಂದು ದಾರಿಯಾಗಿ ಕಾಣುತ್ತಿದ್ದಾರೆ. ‘ಷರತ್ತು’, ‘ನಿಬಂಧನೆ’ ಎಂಬ ಪದಗಳು ಇದಕ್ಕೆ ಒಗ್ಗುವುದಿಲ್ಲ; ಷರತ್ತು ಇಬ್ಬರ ನಡುವಿನ ಕರಾರು, ನಿಬಂಧನೆ ಕೈಕಟ್ಟುವಂಥದ್ದು. ‘ಗೆಲುವಿನ ದಾರಿ’ ಎಂಬುದೇ ಒಪ್ಪುತ್ತದೆ.

ಕಳೆದ ದಸರೆಯ ರಜೆಯಲ್ಲಿ ಅವರಲ್ಲೊಬ್ಬ ಆಡುತ್ತಿದ್ದುದನ್ನು ಹತ್ತಿರದಿಂದ ನೋಡಿದೆ. ಅವನು ಎಲ್ಲ ರಾಜಧಾನಿಗಳನ್ನೂ ಹಿಡಿದು, ಒಂದನ್ನು ಮಾತ್ರ ಉಳಿಸಿದ್ದ. ಅದರ ಗೋಡೆಯೂ ಬಿದ್ದಾಗಿತ್ತು, ಮುಂದಿನ ಸರದಿಯಲ್ಲಿ ನುಗ್ಗಿದ್ದರೆ ಆಟ ಮುಗಿಯುತ್ತಿತ್ತು. ಅವನು ಸೈನ್ಯವನ್ನು ಒಂದೊಂದಾಗಿ ಹಿಂದಕ್ಕೆ ಕರೆಸಿ, ಎದುರಾಳಿಯೊಡನೆ ಸಂಧಿ ಮಾಡಿಕೊಂಡು, ಮಂಗಳಯಾನದ ಕೆಲಸಕ್ಕೆ ಊರುಗಳನ್ನೆಲ್ಲ ಹಚ್ಚಿದ. ಪಕ್ಕದವನು ಯಾಕೆಂದು ಕೇಳಿದ್ದಕ್ಕೆ, ‘ಗೆದ್ದಾಯ್ತಲ್ಲ, ಸೈನ್ಸಲ್ಲಿ ಮುಗಸ್ತೀನಿ’ ಎಂದ. ಗೆದ್ದದ್ದು ಬೇರೆ, ಮುಗಿಸುವುದು ಬೇರೆ ಎಂಬ ಈ ವಿವೇಚನೆಯನ್ನು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ನನ್ನ ಎರಡನೆಯ ಪ್ರಶ್ನೆ ಇರುವುದೇ ಅಲ್ಲಿ. ಈ ಆಟಗಳಲ್ಲಿ ಕೊನೆಯ ಭಾಗ ನಿಧಾನವಾಗುತ್ತದೆ, ಒಂದೊಂದು ಸರದಿಯಲ್ಲಿಯೂ ನೋಡಿಕೊಳ್ಳಬೇಕಾದ ಊರುಗಳೂ ದಂಡುಗಳೂ ಹೆಚ್ಚುತ್ತವೆ. ಹೀಗಾಗಿ ಬಹಳಷ್ಟು ಜನ ಗೆಲುವು ಕಣ್ಣಿಗೆ ಕಂಡ ಕೂಡಲೆ ಆಟವನ್ನು ಅಲ್ಲಿಗೇ ಬಿಟ್ಟು ಹೊಸದನ್ನು ಹೂಡುತ್ತಾರೆ. ಸೋಲುವವನು ನಡುವೆ ಏಳುವುದಕ್ಕೆ ‘ಸೋಲೊಪ್ಪು’, ‘ಕೈಚೆಲ್ಲು’ ಎಂಬ ಮಾತುಗಳಿವೆ. ಗೆಲ್ಲುವವನು ನಡುವೆ ಏಳುವುದಕ್ಕಾಗಲಿ, ಏಳದೆ ಕೊನೆಯವರೆಗೆ ಕೂರುವುದಕ್ಕಾಗಲಿ ಮಾತು ಬೇಕಾಗಿದೆ.

ಇಲ್ಲಿ ದಾವಣಗೆರೆಯವರಿಗೆ ತಟ್ಟನೆ ನೆನಪಾಗುವುದು ‘ನಿಕಾಲಿ ಕುಸ್ತಿ’. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ನೋಡಿದವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಹೊತ್ತಾಯಿತೆಂದು ಸಮ ಮಾಡಿ ಬಿಡಿಸುವ ಕುಸ್ತಿ ಬೇರೆ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಬಿಡಿಸದ ಕುಸ್ತಿ ನಿಕಾಲಿ. ಆದರೆ ನಿಕಾಲಿಯ ಹುರುಳಿರುವುದು ಫಲಿತಾಂಶ ಇನ್ನೂ ತಿಳಿಯದಿರುವುದರಲ್ಲಿ. ನನಗೆ ಬೇಕಾದದ್ದು ಫಲಿತಾಂಶ ತಿಳಿದ ಮೇಲೂ ಆಡುವುದಕ್ಕೆ. ಹಾಗಾಗಿ ಪದ ಅರ್ಧ ದೂರ ಬಂದು ನಿಲ್ಲುತ್ತದೆ.

ಕುಸ್ತಿಯ ಕಡೆಯಿಂದ ಮನೆಯಾಟಗಳ ಕಡೆಗೆ ಹೊರಳಿದರೆ ಇನ್ನಷ್ಟು ಬೆಳಕು ಸಿಗುತ್ತದೆ. ನಮ್ಮ ಹಳೆಯ ಆಟಗಳು ‘ಗೆಲ್ಲು’ ಎಂಬ ಸಾಮಾನ್ಯ ಪದವನ್ನು ನೆಚ್ಚಿಕೊಂಡಿಲ್ಲ. ಪ್ರತಿಯೊಂದಕ್ಕೂ ಅದರದೇ ಕ್ರಿಯಾಪದವಿದೆ. ಹುಲಿ ಕುರಿ ಆಟವನ್ನೇ ನೋಡಿ: 3 ಹುಲಿ, 15 ಕುರಿ ಇಟ್ಟು ಆಡುವ ಬಗೆಯಲ್ಲಿ ಹುಲಿಯ ಕಡೆಯವನು ಕುರಿಗಳನ್ನು ಹಾರಿ ಹಾರಿ ‘ತಿಂದು’ ಗೆಲ್ಲುತ್ತಾನೆ, ಕುರಿಯ ಕಡೆಯವನು ಹುಲಿಗಳಿಗೆ ಅಲುಗಾಡಲು ಎಡೆಯಿಲ್ಲದಂತೆ ‘ಕಟ್ಟಿ’ ಗೆಲ್ಲುತ್ತಾನೆ. ಒಂದೇ ಮಣೆಯ ಮೇಲೆ ಇಬ್ಬರಿಗೆ ಎರಡು ಬಗೆಯ ಗೆಲುವು, ಎರಡು ಕ್ರಿಯಾಪದ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ‘ಕಡಿಯದೆ’ ಒಳಮನೆಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತೇವೆ. ಒಬ್ಬನ ಕಾಯಿಗಳೆಲ್ಲ ಹಣ್ಣಾದ ಮೇಲೂ ಉಳಿದವರು ಎದ್ದು ಹೋಗುವುದಿಲ್ಲ, ತಮ್ಮ ತಮ್ಮ ಕಾಯಿಗಳನ್ನು ಹಣ್ಣು ಮಾಡಿಯೇ ಏಳುತ್ತಾರೆ. ಈ ಕಾರಣಕ್ಕೆ ತಂತ್ರದಾಟದ ಗೆಲುವಿನ ಬಗೆಗಳನ್ನೂ ನಾಮಪದಗಳಿಂದ ಹೆಸರಿಸದೆ, ಕ್ರಿಯಾಪದಗಳಿಂದ ಹೇಳುವುದು ಕನ್ನಡದ ಜಾಯಮಾನಕ್ಕೆ ಹೊಂದುತ್ತದೆ ಎಂದು ನಂಬಿದ್ದೇನೆ: ಕೋಟೆ ಹಿಡಿದು ಗೆಲ್ಲು, ಬಾನಿಗೇರಿ ಗೆಲ್ಲು, ಮನ ಸೆಳೆದು ಗೆಲ್ಲು, ನಂಬಿಕೆ ಹರಡಿ ಗೆಲ್ಲು, ಸಭೆಯನ್ನು ಒಪ್ಪಿಸಿ ಗೆಲ್ಲು, ಅಂಕ ಕೂಡಿಸಿ ಗೆಲ್ಲು. ‘ಸಾಂಸ್ಕೃತಿಕ ವಿಜಯ’ ಎಂದು ಓದಿದವನಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಮನ ಸೆಳೆದು’ ಎಂದರೆ ತಿಳಿಯುತ್ತದೆ.

ಎದುರಾಳಿಯನ್ನು ಮಣಿಸದೆ, ಮಂಗಳಕ್ಕೆ ಹೋದ ಮಾತ್ರಕ್ಕೆ ‘ಗೆದ್ದ’ ಎನ್ನಬಹುದೇ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದ್ದಾರೆ. ಜ್ವರ ಬಿಟ್ಟ ಮಗು ‘ಗೆಲುವಾಗಿದೆ’ ಎನ್ನುವಾಗ ಅಲ್ಲಿ ಸೋತವರು ಯಾರೂ ಇಲ್ಲ. ಕನ್ನಡದ ಗೆಲುವಿಗೆ ಎದುರಾಳಿ ಬೇಕೇಬೇಕೆಂಬ ಕಟ್ಟಿಲ್ಲ.

ಕೊನೆಯವರೆಗೆ ಆಡುವುದಕ್ಕೆ ‘ಆಟವನ್ನು ಹಣ್ಣು ಮಾಡು’ ಎಂಬ ಮಾತನ್ನು ಬಳಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕಾಯಿಗೆ ಸಲ್ಲುವ ಮಾತನ್ನು ಇಡೀ ಆಟಕ್ಕೆ ಹಿಗ್ಗಿಸಿದಂತಾಗುತ್ತದೆ. ‘ದುಡಿದು ಹಣ್ಣಾದ’ ಎಂಬಲ್ಲಿಯ ಬಳಲಿಕೆಯ ಅರ್ಥವೂ ಅದರ ಜೊತೆಗೆ ನುಸುಳುತ್ತದೆ. ಕಡೆಯ ಸರದಿಗಳ ದಣಿವನ್ನು ಬಲ್ಲವರಿಗೆ ಅದೇನೂ ಹೊರಗಿನದೆನಿಸಲಿಕ್ಕಿಲ್ಲ, ಆದರೆ ಹೊಸಬರು ತಪ್ಪಾಗಿ ತಿಳಿದಾರೆಂಬ ಅಳುಕಿದೆ. ‘ಆಡಿ ಮುಗಿಸು’, ‘ಕೊನೆ ಮುಟ್ಟಿಸು’ ಎಂಬವು ಸರಳವಾಗಿವೆ, ಆದರೆ ಬೇಗ ಬೇಗ ಮುಗಿಸಿಬಿಡುವುದಕ್ಕೂ ಅವೇ ಮಾತುಗಳು ಸಲ್ಲುತ್ತವೆ.

ಜಗಳೂರು, ಹೊಸದುರ್ಗ, ಮೊಳಕಾಲ್ಮುರು, ಹರಿಹರ, ಚನ್ನಗಿರಿಗಳ ಕಡೆಯವರು ದಯವಿಟ್ಟು ಮೂರು ಸಂಗತಿಗಳನ್ನು ತಿಳಿಸಬೇಕು. ಚೌಕಾಬಾರದಲ್ಲಿ ಒಬ್ಬರು ಎಲ್ಲ ಕಾಯಿಗಳನ್ನೂ ಒಳಗೆ ಸೇರಿಸಿದಾಗ ‘ಆಟ ಹಣ್ಣಾಯಿತು’ ಎಂದು ಎಲ್ಲಿಯಾದರೂ ಹೇಳುತ್ತಾರೆಯೇ? ಹುಲಿ ಕುರಿ ಆಟದಲ್ಲಿ ಹುಲಿ ಕಟ್ಟುವುದು ಖಚಿತವಾದ ಮೇಲೂ ಉಳಿದ ಕುರಿಗಳನ್ನು ಇಡಿಸಿಯೇ ಬಿಡುವ ರೂಢಿಯಿದ್ದರೆ ಅದಕ್ಕೆ ಹೆಸರೇನು? ಗೆಲ್ಲುವ ಹೊತ್ತಿನಲ್ಲಿ ಆಟ ಬಿಟ್ಟು ಏಳುವವನನ್ನು ನಿಮ್ಮ ಊರಿನ ಮಕ್ಕಳು ಏನೆಂದು ಕರೆಯುತ್ತಾರೆ?