ಕ್ಯೋಟೋದ ಹಳೇ ಮನೆ ಚಹಾ-ಸಿಹಿ ಅಂಗಡಿ: ಹೋಗಿಬಂದವರು ಹೇಳಿ

ಸುಮಾ_ಹಾಸನ: ಏಪ್ರಿಲ್‌ನಲ್ಲಿ ಅತ್ತೆ-ಮಾವನ ಜೊತೆ ಜಪಾನಿಗೆ ಹೋಗುತ್ತಿದ್ದೇವೆ. ಕ್ಯೋಟೋದ ಹಳೇ ಮರದ ಮನೆ, ಅದೇ ಮಚಿಯಾ, ಸರಿಮಾಡಿಸಿ ನಡೆಸುವ ಚಹಾ-ಸಿಹಿ ಅಂಗಡಿಗೆ ಒಂದು ಮಧ್ಯಾಹ್ನ ಹೋಗುವ ಆಸೆ. ಅತ್ತೆಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ತಿನ್ನಲ್ಲ. ಅನುಭವ ಹೇಳಿ.

ಘಟ್ಟದಮಳೆ: ಹೋಗಲೇಬೇಡಿ ಮೇಡಂ. ನಾವು ಹೋದದ್ದು ಕ್ಯೋಟೋದ ಹಳೇ ಬಡಾವಣೆ ಗಿಯೋನ್ ಹತ್ತಿರದ ಅಂಗಡಿ, ಹೆಸರು ಬೇಡ. ಚೆರ್ರಿ ಹೂವಿನ ಸಮಯ, ಬಾಗಿಲಲ್ಲಿ ಹೆಸರು ಬರೆಸಿ ಒಂದೂವರೆ ಗಂಟೆ ಬೀದಿಯಲ್ಲಿ ನಿಂತೆವು, ಕೂರಲು ಒಂದು ಬೆಂಚೂ ಇಲ್ಲ. ಒಳಗೆ ಕರೆದರೆ ಸೀಟು ಮಹಡಿ ಮೇಲೆ. ಆ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು, ಕೆಳಗೆಲ್ಲಾ ಡ್ರಾಯರ್, ಅರ್ಧ ಪಾದವೂ ಊರಲ್ಲ. ಅಪ್ಪ ಎರಡೂ ಕೈ ಊರಿಕೊಂಡು ಹತ್ತಿದರು. ಮೇಲೆ ಚಾಪೆ, ಒಂದು ತೆಳು ದಿಂಬು. ತಲೆಗೊಂದು ಆರ್ಡರ್ ಕಡ್ಡಾಯ, ಅಮ್ಮ ಬೇಡ ಅಂದರೂ ಬಿಡಲಿಲ್ಲ. ಮಚ್ಚಾ (ಹಸಿರು ಚಹಾ ಪುಡಿ ಕದಡಿದ್ದು) ಮತ್ತು ಸಿಹಿಯ ಸೆಟ್ 1,400 ಯೆನ್, ನಾಲ್ವರಿಗೆ 5,600. ಕಾರ್ಡ್ ತಗೊಳ್ಳಲ್ಲ, ಯಜಮಾನರು ಎಟಿಎಂ ಹುಡುಕಿಕೊಂಡು ಓಡಿದರು, ಅಲ್ಲೂ ಚಾರ್ಜ್. ಅದೇ ಸಿಹಿಗೆ ಪಾರ್ಸೆಲ್ ಆದರೆ ಒಂದು ರೇಟು, ಕೂತು ತಿಂದರೆ ಇನ್ನೊಂದು. ಹಗಲು ದರೋಡೆ.

ಕೋಟೆಬಾಗಿಲು: ದರೋಡೆ ಅಲ್ಲ ರೀ, ತೆರಿಗೆ. 2019ರ ಅಕ್ಟೋಬರ್‌ನಿಂದ ಅಲ್ಲಿ ಕೂತು ತಿಂದರೆ ಶೇ 10, ಪಾರ್ಸೆಲ್‌ಗೆ ಶೇ 8. ಸುಮ್ನೆ ಅಂಗಡಿಯವರನ್ನು ಬೈಯಬೇಡಿ. ನಾವು ಕ್ಯೋಟೋದಲ್ಲಿ ಕ್ಯೂ ನಿಲ್ಲಲೇ ಇಲ್ಲ, ರೈಲು ಹತ್ತಿ ಪಕ್ಕದ ಊರು ಉಜಿಗೆ ಹೋದೆವು. ಸೇತುವೆ ಪಕ್ಕದಲ್ಲೇ ತ್ಸೂಎನ್ ಅನ್ನುವ ಚಹಾ ಅಂಗಡಿ. ಶುರುವಾದದ್ದು 1160ರಲ್ಲಿ, ಈಗಿನ ಕಟ್ಟಡ 1672ರದ್ದು. ಸೇತುವೆ ಕಾಯುತ್ತಾ ದಾರಿಹೋಕರಿಗೆ ಚಹಾ ಕೊಡುತ್ತಿದ್ದ ಮನೆತನ, ಇವತ್ತಿಗೂ ಅವರೇ ನಡೆಸುತ್ತಾರೆ. ನಮ್ಮಮ್ಮ ಕುರ್ಚಿಯಲ್ಲಿ ಕೂತು ಹೊಳೆ ನೋಡುತ್ತಾ ಚಹಾ ಕುಡಿದರು. ಇಡೀ ಪ್ರವಾಸದಲ್ಲಿ ನಾನು ತಗೊಂಡ ಅತಿ ಒಳ್ಳೆ ತೀರ್ಮಾನ ಅದು.

ಘಟ್ಟದಮಳೆ: ಹೆಚ್ಚುವರಿ ತೆರಿಗೆ ಅಂತ ಕೌಂಟರ್‌ನಲ್ಲಿ ಒಂದು ಮಾತು ಹೇಳಬಹುದಿತ್ತಲ್ವಾ? ಮಂಡಿ ನೋವಿನ ಅಪ್ಪನನ್ನು ಏಣಿ ಹತ್ತಿಸಿದ್ದಕ್ಕೆ ಯಾವ ತೆರಿಗೆ ಕಾರಣ?

ನೀಲಿಕೊಡೆ: ಮೊಟ್ಟೆ ವಿಷಯ ಯಾರೂ ಹೇಳಲೇ ಇಲ್ಲ. ಅಲ್ಲಿನ ಸಾಂಪ್ರದಾಯಿಕ ಸಿಹಿ ಮುಕ್ಕಾಲು ಪಾಲು ಅಝುಕಿ ಅನ್ನುವ ಕೆಂಪು ಕಾಳು, ಸಕ್ಕರೆ, ಅಕ್ಕಿ ಹಿಟ್ಟು. ಒಳಗಿರುವುದು ನಮ್ಮ ಹೋಳಿಗೆ ಹೂರಣದ ಹಾಗೇ. ಯೋಕನ್ ಅನ್ನುವ ಕಾಳಿನ ಬರ್ಫಿ ಗಟ್ಟಿಯಾಗುವುದು ಸಮುದ್ರ ಪಾಚಿಯ ಅಗರ್‌ನಿಂದ, ಧಾರಾಳವಾಗಿ ತಿನ್ನಬಹುದು. ಕ್ಯಾಸ್ಟೆಲ್ಲಾ ಕೇಕ್, ಹೂರಣ ಇಟ್ಟ ದೊರಾಯಾಕಿ ಪ್ಯಾನ್‌ಕೇಕ್ ಇವುಗಳಲ್ಲಿ ಮೊಟ್ಟೆ ಇರುತ್ತೆ. ಮಚ್ಚಾ ಐಸ್‌ಕ್ರೀಂ ಮೇಲಿನ ಜೆಲ್ಲಿ ಕೇಳಿಕೊಂಡೇ ತಿನ್ನಿ. ನನಗೆ ಒಂದು ಕಡೆ ವೆಜ್ ಅಂತ ಹೇಳಿ ಪ್ರಾಣಿ ಮೂಳೆ-ಚರ್ಮದಿಂದ ಮಾಡುವ ಜೆಲಾಟಿನ್ ಕೊಟ್ಟರು. ಊಟ ಪೂರ್ತಿ ಬಿಟ್ಟೆ, ಸಂಜೆವರೆಗೂ ವಾಕರಿಕೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ದೋಸೆಕಲ್ಲು: ಇಷ್ಟು ಗೊಂದಲ ಯಾಕೆ? ಕ್ಯೋಟೋದ ನಿನೆನ್‌ಝಾಕಾ ಬೀದಿಯ ಸ್ಟಾರ್‌ಬಕ್ಸ್‌ಗೆ ಹೋಗಿ. 2017ರಲ್ಲಿ ಶುರುವಾಯಿತು, ನೂರು ವರ್ಷ ದಾಟಿದ ಮನೆ, ಮಹಡಿಯಲ್ಲಿ ತತಾಮಿ ಚಾಪೆ. ನಮಗೆ ಅಲ್ಲೇ ಖುಷಿಯಾಯಿತು.

ಕೋಟೆಬಾಗಿಲು: ಅಷ್ಟು ದೂರ ಹೋಗಿ ಕಾಫಿ ಚೈನ್? ಅದು ಚಹಾ-ಸಿಹಿ ಅಂಗಡಿಯೇ ಅಲ್ಲ!

ದೋಸೆಕಲ್ಲು: ಹಳೇ ಮನೆ ಉಳಿಸಿದವರು ಯಾರಾದರೇನು? ಬಾಗಿಲು ಹಾಕಿ ಗೆದ್ದಲಿಗೆ ಬಿಟ್ಟಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತಾ?

ಕೋಟೆಬಾಗಿಲು: ಉಳಿಸುವುದು ಅಂದರೆ ಗೋಡೆ ಉಳಿಸುವುದಷ್ಟೇ ಅಲ್ಲ. ಗಿಯೋನ್ ನೋಡಿ, ಜನ ಮೈಕೊಗಳ, ಅಂದರೆ ಗೀಷಾ ಆಗಲು ಕಲಿಯುವ ಹುಡುಗಿಯರ ಹಿಂದೆ ಬಿದ್ದು ಫೋಟೋ ತೆಗೆದು ತೆಗೆದು 2024ರಲ್ಲಿ ಖಾಸಗಿ ಗಲ್ಲಿಗಳನ್ನೇ ಪ್ರವಾಸಿಗರಿಗೆ ಮುಚ್ಚಿದರು, ಒಳಗೆ ಹೋದರೆ 10,000 ಯೆನ್ ದಂಡ.

ದೋಸೆಕಲ್ಲು: ಆ ದಂಡಕ್ಕೂ ನಾನು ಕುಡಿದ ಕಾಫಿಗೂ ಏನ್ರೀ ಸಂಬಂಧ?

ನೀಲಿಕೊಡೆ: ಜಗಳ ಬೇರೆ ಕಡೆ ಆಡಿ. ಸುಮಾ, ಬಾಗಿಲಲ್ಲೇ “ಇಸು” ಇದೆಯಾ ಕೇಳಿ, ಕುರ್ಚಿ ಅಂತ. ಇಲ್ಲ ಅಂದರೆ ಹೆಸರು ಬರೆಸಬೇಡಿ. ಸಿಹಿ ಮೊದಲು ತಿನ್ನಲಿ, ಮಚ್ಚಾ ಆಮೇಲೆ, ಬರೀ ಬಾಯಿಗೆ ಸಿಕ್ಕಾಪಟ್ಟೆ ಕಹಿ.