ಅಪ್ಪನ ಹಳೇ ಕಂಪ್ಯೂಟರ್: ವಿಂಡೋಸ್ 10 ಮುಗಿದ ಮೇಲೆ ಏನು ಮಾಡುವುದು?

ಸುಮಾ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಅಪ್ಪನ ಕಂಪ್ಯೂಟರ್ 2014ರದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಕ್ಟೋಬರ್ 14, 2025ಕ್ಕೆ ಬೆಂಬಲ ಮುಗಿದಿದೆ ಅಂತ ಪರದೆ ಮೇಲೆ ಬರುತ್ತಿದೆ. ಅಂಗಡಿಯಲ್ಲಿ ಕೇಳಿದರೆ ಹೊಸದೇ ತಗೊಳ್ಳಿ ಎಂದರು. ಅಪ್ಪ ಮಾಡುವುದು ಮೂರೇ ಕೆಲಸ. ಪಿಂಚಣಿ ಖಾತೆ ನೋಡುವುದು, ಯೂಟ್ಯೂಬ್‌ನಲ್ಲಿ ಹರಿಕಥೆ ಕೇಳುವುದು, ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದಲ್ಲಿ ಊರ ದೇವಸ್ಥಾನದ ಲೆಕ್ಕಪತ್ರ, ನಡಾವಳಿ ಬರೆಯುವುದು. ಹತ್ತು ವರ್ಷದ ಫೈಲ್‌ಗಳಿವೆ. ಇಷ್ಟಕ್ಕೆ ಹೊಸದು ಬೇಕೇ ಬೇಕಾ?

ಅಂಗಡಿ_ಹುಡುಗ
ಬೇಡ ಮೇಡಂ. ನಾನೂ ರಿಪೇರಿ ಅಂಗಡಿಯವನೇ, ಆದರೂ ಹೇಳುತ್ತೇನೆ. ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸಿ, ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ. ಆಮೇಲೆ ಇಎಸ್‌ಯು ಎಂಬ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿ. ಅಕ್ಟೋಬರ್ 13, 2026ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ತೆಗೆದರೆ 'ಎನ್‌ರೋಲ್ ನೌ' ಅಂತ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಬಿಟ್ಟಿ. ಅದು ಬೇಡ ಅಂದರೆ 1,000 ರಿವಾರ್ಡ್ಸ್ ಅಂಕ ಕೊಡಬಹುದು, ಇಲ್ಲವೇ 30 ಡಾಲರ್ ಕಟ್ಟಬೇಕು. ಐದು ನಿಮಿಷದ ಕೆಲಸ.

ಪೆಂಗ್ವಿನ್_ಪ್ರಿಯ
"ಬಿಟ್ಟಿ" ಅಂತೆ! ನಿಮ್ಮ ಸೆಟ್ಟಿಂಗ್ ಎಲ್ಲ ಅವರ ಸರ್ವರ್‌ಗೆ ಕಳಿಸಿ ಪಡೆಯುವುದಕ್ಕೆ ಬಿಟ್ಟಿ ಅನ್ನುತ್ತಾರಾ? ದುಡ್ಡು ಕಟ್ಟಿದರೂ ಅವರ ಖಾತೆ ತೆರೆಯಲೇಬೇಕು. ಒಂದು ವರ್ಷ ಆದ ಮೇಲೆ ಮತ್ತೆ ಇದೇ ಗೋಳು. ಸುಮಾ ಅವರೇ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಅದು ಬಿಟ್ಟಿ ಸಿಗುವ ಆಪರೇಟಿಂಗ್ ಸಿಸ್ಟಂ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಬ್ಯಾಂಕ್, ಹರಿಕಥೆ ಎರಡೂ ಫೈರ್‌ಫಾಕ್ಸ್‌ನಲ್ಲೇ ಆಗುತ್ತವೆ. ನುಡಿ ಬಿಟ್ಟು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್ ಸಂಕೇತಕ್ಕೆ ಬಂದರೆ ಮುಗಿಯಿತು.

ನಿದ್ದೆಗೆಟ್ಟವ
ನಾನು ಇವತ್ತಿಗೂ ವಿಂಡೋಸ್ 7ರಲ್ಲೇ ಇದ್ದೇನೆ. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಅಂಗಡಿ_ಹುಡುಗ
@ನಿದ್ದೆಗೆಟ್ಟವ: 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನ್ನಾಕ್ರೈ ವೈರಸ್ ಮರೆತಿರಾ? ಅದರಲ್ಲಿ ಹೆಚ್ಚು ಹೊಡೆತ ತಿಂದದ್ದೇ ವಿಂಡೋಸ್ 7. ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಹಾಕಿಕೊಳ್ಳದವರು ಮೇ ತಿಂಗಳಲ್ಲಿ ಅತ್ತರು.

ನಿದ್ದೆಗೆಟ್ಟವ
ವಿಂಡೋಸ್ 7ರ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಅಂದರೆ 2017ರಲ್ಲಿ ಬೆಂಬಲ ಇದ್ದಾಗಲೇ ಹೊಡೆತ ಬಿತ್ತು. ನನ್ನ ಮಾತನ್ನು ನೀವೇ ಸಾಬೀತು ಮಾಡಿದಿರಿ, ಥ್ಯಾಂಕ್ಸ್.

ನಿವೃತ್ತ_ಗುಮಾಸ್ತ
"ನುಡಿ ಬಿಟ್ಟು" ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡಿದವರು ಯಾರು? ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ ಅದು. ಇಡೀ ಸರ್ಕಾರದ ಕಾಗದಪತ್ರ ಅದರಲ್ಲಿ ನಡೆದಿದೆ. ನನ್ನ ಬೆರಳುಗಳಿಗೆ ಇಪ್ಪತ್ತು ವರ್ಷದ ಅಭ್ಯಾಸ. ನೀವು ಬಂದು ಒಂದೇ ಸಾಲಿನಲ್ಲಿ "ಬಿಟ್ಟು" ಅಂದರೆ ಬಿಡಲಾಗುತ್ತದೆಯೇ?

ಕರಾವಳಿ_ಬೈಟ್
ಬೆರಳು ಬಿಡಿ ಎಂದು ಯಾರು ಹೇಳಿದ್ದಾರೆ ಮಾರಾಯ್ರೇ? ಕೀಲಿಮಣೆ ಬೇರೆ, ಫಾಂಟ್ ಒಳಗಿನ ಸಂಕೇತ ಬೇರೆ. ನುಡಿಯ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಇದೆ. ಅದೇ ಬೆರಳು, ಅದೇ ಕೀಲಿ. ಒಳಗೆ ಕೂರುವುದು ಮಾತ್ರ ನಿಜವಾದ ಕನ್ನಡ ಅಕ್ಷರ. ಹಳೇ ನುಡಿ ಫೈಲ್‌ನಲ್ಲಿ ಕೂತಿರುವುದು ಕನ್ನಡವೇ ಅಲ್ಲ, ಮೇಲೆ ಟೋಪಿ, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಗೊತ್ತಾಗುತ್ತದೆ.

ನಿವೃತ್ತ_ಗುಮಾಸ್ತ
"ಕನ್ನಡವೇ ಅಲ್ಲ"!! ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ನಿನ್ನೆ ಮೊನ್ನೆ ಬಂದ ಯುನಿಕೋಡ್ ಮಾತ್ರ ಕನ್ನಡ, ನಾವು ಟೈಪ್ ಮಾಡಿದ ಸಾವಿರಾರು ಕಡತ ಕನ್ನಡ ಅಲ್ಲ, ಅಲ್ವಾ?

ಪೆಂಗ್ವಿನ್_ಪ್ರಿಯ
"ನಿನ್ನೆ ಮೊನ್ನೆ" ಅಲ್ಲ ಸಾರ್. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಬರಹ ತಂತ್ರಾಂಶ ಬಂದದ್ದು 1998ರಲ್ಲಿ, ನುಡಿ ಅದಕ್ಕೂ ಆಮೇಲೆ.

ನಿವೃತ್ತ_ಗುಮಾಸ್ತ
1991ರಲ್ಲಿ ಪುಸ್ತಕದಲ್ಲಿ ಇದ್ದಿರಬಹುದು. ನಮ್ಮ ಕಚೇರಿಯ ವಿಂಡೋಸ್ 98ರಲ್ಲಿ ಇರಲಿಲ್ಲ. ವಿಂಡೋಸ್‌ನ ಕನ್ನಡ ಯುನಿಕೋಡ್ ಫಾಂಟ್ ತುಂಗಾ ಬಂದದ್ದೇ ಎಕ್ಸ್‌ಪಿ ಕಾಲಕ್ಕೆ. ಅಲ್ಲಿಯವರೆಗೆ ನಾವು ಏನು ಮಾಡಬೇಕಿತ್ತು, ಸ್ಲೇಟು ಬಳಪ ಹಿಡಿಯಬೇಕಿತ್ತೇ?
ಇನ್ನೊಂದು. ಇಷ್ಟು ಹೊಗಳುವ ನಿಮ್ಮ ಯುನಿಕೋಡ್ ಎಷ್ಟು ಚೆಂದ ಅನ್ನುವುದಕ್ಕೆ ಈ ಪುಟದ ಮೊದಲ ಪತ್ರವನ್ನೇ ನೋಡಿ. ಮೇಡಂ "ರ್ಯಾಮ್" ಎಂದು ಬರೆದಿದ್ದಾರೆ. ಯ ಮುಂದೆ ಅರ್ಕಾವೊತ್ತು! ಆರ್ಯಾ, ಭಾರ್ಯಾ ಅನ್ನುವ ಹಾಗೆ ಓದಬೇಕೇನು? ರ ಇಡಿಯಾಗಿ ನಿಂತು ಯ ಕೆಳಗೆ ಒತ್ತಾಗಬೇಕು. ನುಡಿಯಲ್ಲಿ ಈ ತಪ್ಪು ನಾನು ಒಮ್ಮೆಯೂ ಮಾಡಿಲ್ಲ.

ಕರಾವಳಿ_ಬೈಟ್
ಅದು ಯುನಿಕೋಡ್ ತಪ್ಪಲ್ಲ. ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಕೂಡಿಸುವ ಚಿಹ್ನೆ ಇದೆ, ಝಡ್‌ಡಬ್ಲ್ಯುಜೆ ಅಂತ. ಅದನ್ನು ಹಾಕಿದರೆ ರ‍್ಯಾಮ್. ನೋಡಿ, ಬಂತು.

ನಿವೃತ್ತ_ಗುಮಾಸ್ತ
"ಕಣ್ಣಿಗೆ ಕಾಣದ ಚಿಹ್ನೆ"ಯಂತೆ. ಕಾಣದ್ದನ್ನು ಹಾಕಿದರೆ ಕಾಣುವುದು ಸರಿಯಾಗುತ್ತದಂತೆ. ಇದನ್ನು ಎಪ್ಪತ್ತು ದಾಟಿದವರಿಗೆ ನೀವೇ ಹೋಗಿ ಕಲಿಸಿ.

ಪೆಂಗ್ವಿನ್_ಪ್ರಿಯ
ಸಾರ್, ಒಂದು ಸಣ್ಣ ಪ್ರಶ್ನೆ. ನೀವು ಇಲ್ಲಿ ಇಷ್ಟುದ್ದ ಬರೆಯುತ್ತಿರುವುದು ಯಾವುದರಲ್ಲಿ? ಯುನಿಕೋಡ್‌ನಲ್ಲೇ ಅಲ್ವಾ?

ನಿವೃತ್ತ_ಗುಮಾಸ್ತ
ಇದು ಮಗನ ಫೋನು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿದ್ದೆಗೆಟ್ಟವ
😂😂 ಪಾಪ್‌ಕಾರ್ನ್ ತರುತ್ತೇನೆ, ಯಾರಿಗಾದರೂ ಬೇಕಾ?

ಅಂಗಡಿ_ಹುಡುಗ
ಅಣ್ಣಂದಿರಾ, ಆ ಮೇಡಂ ಕೇಳಿದ್ದು ಅರ್ಕಾವೊತ್ತಿನ ವಿಚಾರ ಅಲ್ಲ. ಅವರಪ್ಪನ ಕಂಪ್ಯೂಟರ್ ವಿಚಾರ. ಲಿನಕ್ಸ್ ಹಾಕಿದರೆ ನುಡಿ ತಂತ್ರಾಂಶ ಹಾಗೇ ಓಡುವುದಿಲ್ಲ. ಫಾಂಟ್ ಹಾಕಿಕೊಂಡು ಲಿಬ್ರೆ ಆಫೀಸ್‌ನಲ್ಲಿ ಹಳೇ ಫೈಲ್ ಓದಬಹುದು, ಅಷ್ಟೇ. ದೇವಸ್ಥಾನದ ಲೆಕ್ಕದ ಮಧ್ಯೆ ಆ ಹಿರಿಯರಿಗೆ ಟರ್ಮಿನಲ್ ತೆಗೆದು ಕಮಾಂಡ್ ಟೈಪ್ ಮಾಡುತ್ತಾ ಕೂರು ಅನ್ನಲಾಗುತ್ತದೆಯೇ?

ಪೆಂಗ್ವಿನ್_ಪ್ರಿಯ
"ಟರ್ಮಿನಲ್" ಪದ ತಂದವರು ನೀವು, ನಾನಲ್ಲ. ನಮ್ಮತ್ತೆ ಮಿಂಟ್ ಬಳಸಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಟರ್ಮಿನಲ್ ಅಂದರೆ ಅವರಿಗೆ ಇವತ್ತಿಗೂ ಏರ್‌ಪೋರ್ಟೇ. ರಿಪೇರಿ ಅಂಗಡಿಗಳಿಗೆ ಲಿನಕ್ಸ್ ಯಾಕೆ ಇಷ್ಟ ಇಲ್ಲ ಅಂತ ಎಲ್ಲರಿಗೂ ಗೊತ್ತು. ಗಿರಾಕಿ ವಾಪಸ್ ಬರುವುದಿಲ್ಲ.

ಅಂಗಡಿ_ಹುಡುಗ
ಹೊಸದು ಮಾರಬಹುದಾಗಿದ್ದ ಕಡೆ ಬೇಡ ಅಂದವನು ನಾನು. ನನಗೇ ಈ ಮಾತಾ? ಸರಿ, ಆಗಲಿ ಬಿಡಿ. ಎಲ್ಲೋ ವಿಡಿಯೋ ನೋಡಿ ರೂಫಸ್ ಎಂಬ ತಂತ್ರಾಂಶದಿಂದ ನಿಯಮ ತಪ್ಪಿಸಿ ವಿಂಡೋಸ್ 11 ಹಾಕಿಕೊಂಡು, ಆಮೇಲೆ ನನ್ನ ಹತ್ತಿರ ಬರುವವರು ವಾರಕ್ಕೆ ಮೂವರು. ಅವರ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಲ್ಲ. ಅಪ್‌ಡೇಟ್ ನಿಂತರೆ ಹೊಣೆ ಯಾರದ್ದು?

ನಿದ್ದೆಗೆಟ್ಟವ
ಯಾವುದೂ ಬೇಡ. ವಿಂಡೋಸ್ 10ರ ಡಿಫೆಂಡರ್‌ಗೆ 2028ರವರೆಗೆ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟೇ ಹೇಳಿದೆ. ಇನ್ನೇನು ಬೇಕು?

ಅಂಗಡಿ_ಹುಡುಗ
ಡಿಫೆಂಡರ್ ವೈರಸ್ ಗುರುತು ಹಿಡಿಯುತ್ತದೆ. ವಿಂಡೋಸ್‌ನಲ್ಲಿರುವ ತೂತು ಮುಚ್ಚುವುದಿಲ್ಲ. ಅರ್ಧ ಸುದ್ದಿ ಹೇಳಬೇಡಿ. ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತಿದೆ, 2023ರಿಂದ. ನಿಮ್ಮದೂ ಅಷ್ಟೇ ಇರಬೇಕು. ಅದರಲ್ಲಿ ಬ್ಯಾಂಕಿಂಗ್ ಮಾಡುತ್ತೀರಾ?

ನಿದ್ದೆಗೆಟ್ಟವ
ಬ್ಯಾಂಕಿಂಗ್ ಫೋನ್‌ನಲ್ಲಿ ಮಾಡುತ್ತೇನೆ.

ಅಂಗಡಿ_ಹುಡುಗ
ಹಾಗಾದರೆ "ಏನೂ ಆಗಿಲ್ಲ" ಅಂದದ್ದು ಯಾವುದಕ್ಕೆ?

ಕರಾವಳಿ_ಬೈಟ್
ಸುಮಾ ಅವರೇ, ಯಾವ ದಾರಿ ಹಿಡಿದರೂ ಮೊದಲು ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಎತ್ತಿಡಿ. ಜೊತೆಗೆ ನುಡಿ ಫಾಂಟ್ ಫೈಲ್‌ಗಳನ್ನೂ ಎತ್ತಿಡಿ, ಇದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ನಿಧಾನವಾಗಿ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ಕೆಡಿಸಿಬಿಡುತ್ತವೆ, ನೋಡಿಕೊಳ್ಳಿ. ಒಮ್ಮೆ ಆದರೆ ಹತ್ತು ವರ್ಷದ ನಡಾವಳಿಯಲ್ಲಿ 'ರಥೋತ್ಸವ' ಎಂದು ಹುಡುಕಿದರೆ ಸಿಗುತ್ತದೆ. ಈಗ ಸಿಗುತ್ತದೆಯೇ, ಕೇಳಿ ನೋಡಿ.

ನಿವೃತ್ತ_ಗುಮಾಸ್ತ
"ಕೆಡಿಸಿಬಿಡುತ್ತವೆ" ಎಂದು ಅವರೇ ಒಪ್ಪಿಕೊಂಡರು. ಇದನ್ನು ಯಾರಾದರೂ ಗಮನಿಸಿದಿರಾ? ಲೆಕ್ಕಪತ್ರದಲ್ಲಿ ಒಂದು ಅಂಕಿ ಕೆಟ್ಟರೆ ಆಡಿಟ್‌ಗೆ ಉತ್ತರ ಕೊಡುವವರು ಯಾರು?

ಕರಾವಳಿ_ಬೈಟ್
ಇಂಗ್ಲಿಷ್ ಪದ ಅಂದೆ, ಅಂಕಿ ಅನ್ನಲಿಲ್ಲ. ಓದಿ ಬರೆಯಿರಿ ಮಾರಾಯ್ರೇ, ದಮ್ಮಯ್ಯ. ಮತ್ತೆ, ನುಡಿಯ ಈಚಿನ ಆವೃತ್ತಿಯಲ್ಲಿ ಯುನಿಕೋಡ್ ಆಯ್ಕೆಯೇ ಇದೆ. ನೀವು ಇಷ್ಟು ಹೊತ್ತು ಜಗಳ ಆಡುತ್ತಿರುವುದು ನುಡಿಯ ಜೊತೆಗೇ.

ನಿವೃತ್ತ_ಗುಮಾಸ್ತ
ನಾನು ಬಳಸುವುದು 4.0. ಅದರಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ.

ಸುಮಾ_ದಾವಣಗೆರೆ
ಅಬ್ಬಾ, ಊಟ ಮಾಡಿ ಬರುವಷ್ಟರಲ್ಲಿ ಇಷ್ಟೊಂದಾ! ಅಂಗಡಿಯವರು ಹೇಳಿದ ಹಾಗೆ ನೋಡಿದೆ. ಆ 'ಎನ್‌ರೋಲ್' ಲಿಂಕ್ ನಮಗೆ ಕಾಣುತ್ತಲೇ ಇಲ್ಲ.

ಪೆಂಗ್ವಿನ್_ಪ್ರಿಯ
ಹೇಳಿದ್ದೆ. ಮಿಂಟ್.

ಅಂಗಡಿ_ಹುಡುಗ
ಸ್ಟಾರ್ಟ್‌ನಲ್ಲಿ ವಿನ್‌ವರ್ (winver) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಆವೃತ್ತಿ 22ಎಚ್2 ಇರಬೇಕು. ಅದಕ್ಕಿಂತ ಹಳೇದಾದರೆ ಲಿಂಕ್ ಬರುವುದಿಲ್ಲ. ಬಾಕಿ ಅಪ್‌ಡೇಟ್ ಎಲ್ಲ ಹಾಕಿ, ರೀಸ್ಟಾರ್ಟ್ ಮಾಡಿ, ಅಡ್ಮಿನ್ ಖಾತೆಯಿಂದ ನೋಡಿ.

ಸುಮಾ_ದಾವಣಗೆರೆ
21ಎಚ್2 ಇತ್ತು! ಅಪ್‌ಡೇಟ್ ಆಗಲು ಎರಡು ಗಂಟೆ ಹಿಡಿಯಿತು, ಆಮೇಲೆ ಲಿಂಕ್ ಬಂತು. ಸೇರಿಸಿದೆ, ದುಡ್ಡು ಕೇಳಲಿಲ್ಲ. ಪೆನ್‌ಡ್ರೈವ್‌ಗೆ ಫಾಂಟ್ ಸಮೇತ ಎಲ್ಲ ಹಾಕಿಟ್ಟೆ. ರಥೋತ್ಸವ ಅಂತ ಹುಡುಕಿದೆವು, ಒಂದೂ ಸಿಗಲಿಲ್ಲ. ಅಪ್ಪ ಆಗಿನಿಂದ ಯೋಚನೆ ಮಾಡುತ್ತಾ ಕೂತಿದ್ದಾರೆ. ಮುಂದಿನ ವಾರ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ್ಯಾಮ್ ಹಾಕಿಸುತ್ತೇವೆ. ಥ್ಯಾಂಕ್ಸ್.

ನಿವೃತ್ತ_ಗುಮಾಸ್ತ
ಮತ್ತೆ "ರ್ಯಾಮ್" ಎಂದೇ ಬರೆದಿದ್ದೀರಿ.