ರಸ್ತೆ ಅಗಲವಾಗುವಾಗ ಹಾಡಿ ಬದಿಯ ನೆನಪಿನ ಕಲ್ಲುಗಳನ್ನು ಎಂತ ಮಾಡುವುದು?

ಹಾಡಿಮನೆ, ಬ್ರಹ್ಮಾವರ

ನಮ್ಮದು ಬ್ರಹ್ಮಾವರದ ಒಳಗಿನ ಹಳ್ಳಿ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಒಂದು ಹಾಡಿ ಉಂಟು, ಅಂದರೆ ಊರಿನ ನಡುವೆ ಉಳಿದ ಸಣ್ಣ ಕಾಡು. ದೊಡ್ಡದೇನಲ್ಲ, ಆದರೆ ನಮ್ಮ ಕಡೆಯ ಮಕ್ಕಳೆಲ್ಲ ಅದರೊಳಗೇ ಬೆಳೆದವರು. ಈಗ ರಸ್ತೆ ಅಗಲ ಮಾಡುತ್ತಿದ್ದಾರೆ. ಅಂಚಿನ ಮರಗಳಿಗೆ ನಂಬರ್ ಬರೆದು ಹೋಗಿದ್ದಾರೆ.

ಅಲ್ಲಿ ಎರಡು ಕಲ್ಲುಗಳುಂಟು. ಒಂದು ಹಳೆಯ ಹೊರೆಕಲ್ಲು. ಎರಡು ಕಂಬ ನೆಟ್ಟು ಮೇಲೆ ಒಂದು ಹಾಸುಕಲ್ಲು, ತಲೆಯ ಎತ್ತರಕ್ಕೆ. ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲಿಕ್ಕೆ. ಹಾಸುಕಲ್ಲಿನ ಮುಂದಿನ ಅಂಚು ಸವೆದು ನುಣುಪಾಗಿದೆ. ಬಸುರಿಯಾಗಿದ್ದಾಗ ತೀರಿಹೋದ ಒಬ್ಬಳ ಹೆಸರಲ್ಲಿ ಹಾಕಿಸಿದ್ದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹೆಸರು ಯಾರಿಗೂ ನೆನಪಿಲ್ಲ.

ಇನ್ನೊಂದು, ಬಸ್ ತಂಗುದಾಣದ ಗೋಡೆಯಲ್ಲಿದ್ದ ಕಪ್ಪು ಗ್ರಾನೈಟ್ ಕಲ್ಲು. ಆ ತಿರುವಿನಲ್ಲೇ ಬೈಕ್ ಅಪಘಾತದಲ್ಲಿ ಹೋದ ಹುಡುಗನ ಸ್ಮರಣಾರ್ಥ ಅವನ ಅಪ್ಪ ಕಟ್ಟಿಸಿದ ತಂಗುದಾಣ ಅದು. ಕೆಲಸದವರು ತಂಗುದಾಣ ಕೆಡವಿ, ಕಲ್ಲನ್ನು ಹಾಡಿಯೊಳಗೆ ಒಂದು ರೆಂಜೆ ಮರದ ಬುಡಕ್ಕೆ ಒರಗಿಸಿದ್ದರು. ಹೆಸರಿನ ಬದಿ ಮರಕ್ಕೆ ತಾಗಿಕೊಂಡಿತ್ತು. ಅವನ ಅಮ್ಮ ಡೈರಿಗೆ ಹಾಲು ಕೊಡಲು ದಿನಾ ಹೋಗುವುದು ಅದೇ ದಾರಿಯಲ್ಲಿ. ನಾನೂ ತಮ್ಮನೂ ಸೇರಿ ಕಲ್ಲು ತಿರುಗಿಸಿ ಇಟ್ಟೆವು.

ಹೊಸ ತಂಗುದಾಣದಲ್ಲಿ ಆ ಕಲ್ಲು ಕೂರಿಸಲು ಯಾರನ್ನು ಕೇಳಬೇಕು? ಹೊರೆಕಲ್ಲು ಎಲ್ಲಿಡುವುದು? ಹಾಡಿಯ ಬಗ್ಗೆ ಹಿರಿಯರು ಹೇಳುವುದನ್ನೂ ಬರೆದಿಡಬೇಕು ಅಂತ ಆಸೆ. ಅದೂ ಇದೂ ಬೇರೆ ಬೇರೆ ಅಂತ ನನಗೆ ಅನಿಸುವುದೇ ಇಲ್ಲ.

ಪಂಚಾಯತ್ ಮಾಜಿ ಸದಸ್ಯ, ಕೋಟ

ಮೊದಲು ಆ ಹುಡುಗನ ಮನೆಯವರನ್ನು ಕೇಳಿ ಮಾರಾಯ್ರೆ. ಅವರ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಆಮೇಲೆ ಕಾನೂನು. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೋ ಕಟ್ಟಡಕ್ಕೋ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶ ಮಾಡಿದೆ. ಹಾಗಾಗಿ ರಸ್ತೆ ಬದಿ ಪ್ರತ್ಯೇಕ ಕಟ್ಟೆ ಕಟ್ಟಲು ಹೋಗಬೇಡಿ. ಜನರ ಉಪಯೋಗಕ್ಕಿರುವ ತಂಗುದಾಣದ ಮಾತು ಬೇರೆ. ಹೊಸದರ ಗೋಡೆಯಲ್ಲಿ ಹಳೆ ಕಲ್ಲು ಕೂರಿಸಿ ಅಂತ ಪಂಚಾಯತಿಗೂ ರಸ್ತೆ ಇಲಾಖೆಗೂ ಅರ್ಜಿ ಕೊಡಿ. ಗೋಡೆ ಏಳುವ ಮೊದಲೇ ಕೊಡಬೇಕು. ಹಳೆಯ ತಂಗುದಾಣದ ಫೋಟೋ ಇದ್ದರೆ ಲಗತ್ತಿಸಿ, ಸ್ವೀಕೃತಿ ತೆಗೆದುಕೊಳ್ಳಿ.

ಮರದ ವಿಷಯಕ್ಕೆ 1976ರ ಮರ ಸಂರಕ್ಷಣೆ ಕಾಯ್ದೆ ಉಂಟು. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಜನರ ಆಕ್ಷೇಪ ಕೇಳಬೇಕು. ನಂಬರ್ ಎಷ್ಟರವರೆಗೆ ಬರೆದಿದ್ದಾರೆ, ಎಣಿಸಿ.

ಸುರಗಿ ಅಕ್ಕ, ಬಾರ್ಕೂರು

ಓದಿ ಹೊಟ್ಟೆ ಉರಿಯಿತು ತಮ್ಮ. ನಮ್ಮ ಮನೆ ಹಾಡಿಯೂ ಹೀಗೇ ಹೋಯಿತು. ತರಗೆಲೆ ಗುಡಿಸಿ ದನದ ಹಟ್ಟಿಗೆ ಹಾಕುತ್ತಿದ್ದೆವು, ಅದೇ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಅದು ಕುಮ್ಕಿ. ವರ್ಗ ಜಾಗದ, ಅಂದರೆ ಸ್ವಂತ ಹೆಸರಲ್ಲಿರುವ ಕೃಷಿ ಜಾಗದ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವ ಹಕ್ಕು ಇತ್ತು. ನಿಮ್ಮದೂ ಕುಮ್ಕಿಯಾ ನೋಡಿ.

ಬೇಸಿಗೆಯಲ್ಲಿ ಕುಂಟಲ ಹಣ್ಣು ತಿಂದು ನಾಲಿಗೆ ನೇರಳೆ ಬಣ್ಣ. ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಸುರಗಿ ಹೂವು. ಎಲೆ ಉದುರಿದ ಗೆಲ್ಲಿಗೇ ಮೊಗ್ಗು ಅಂಟಿಕೊಂಡಿರುತ್ತದೆ. ಬೆಳಗಾಗುವ ಮೊದಲು ಅಣ್ಣ ಮರ ಹತ್ತಿ ಕೊಯ್ಯುತ್ತಿದ್ದ, ಅಮ್ಮ ಮಾಲೆ ಕಟ್ಟುತ್ತಿದ್ದರು. ಒಣಗಿದರೂ ಪರಿಮಳ ಹೋಗುವುದಿಲ್ಲ, ಬಟ್ಟೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಬರೆಯುವುದಾದರೆ ಯಾವ ಮರ ಅಂತ ಮಾತ್ರ ಬರೆಯಬೇಡಿ. ಆ ಮರಕ್ಕೆ ಯಾರು ಹತ್ತುತ್ತಿದ್ದರು ಅಂತಲೂ ಬರೆಯಿರಿ.

ಹೊರೆಕಲ್ಲಿನ ಬಗ್ಗೆ ನಿಮ್ಮಜ್ಜಿ ಹೇಳಿದ್ದು ಸುಮ್ನೆ ಅಲ್ಲ. ತಮಿಳುನಾಡಿನಲ್ಲಿ ಇದಕ್ಕೆ ಸುಮೈತಾಂಗಿ ಅನ್ನುತ್ತಾರೆ. ಅಲ್ಲಿಯೂ ಬಸುರಿಯಲ್ಲಿ ತೀರಿಹೋದ ಹೆಂಗಸರ ನೆನಪಿಗೆ ಹಾಕಿಸುತ್ತಿದ್ದರು. ಹೊತ್ತ ಭಾರ ಇಳಿಯದೇ ಹೋದವಳಿಗಾಗಿ.

ಕಾಟುಮಾವು, ಮಣಿಪಾಲ

ಅಕ್ಕ ಹೇಳಿದ್ದನ್ನೆಲ್ಲ ಸೇರಿಸಲು ಒಂದು ಸರ್ಕಾರಿ ಪುಸ್ತಕವೇ ಉಂಟು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಊರವರ ಹೆಸರು, ಉಪಯೋಗ, ನಂಬಿಕೆ ಎಲ್ಲ ಅದರಲ್ಲಿ ಬರೆಯಬಹುದು. ನಿಮ್ಮ ಹಾಡಿಯ ಪುಟ ಉಂಟಾ ಅಂತ ಕೇಳಿ. ಹಿರಿಯರನ್ನು ಹಾಡಿಗೇ ಕರೆದುಕೊಂಡು ಹೋಗಿ ಮಾತಾಡಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ. ಮನೆ ಜಗಲಿಯಲ್ಲಿ ಕೂತರೆ ಅರ್ಧ ಮರೆತುಹೋಗಿರುತ್ತದೆ. ಹೊರೆಕಲ್ಲನ್ನು ಸರಿಸುವ ಮುಂಚೆ ನಾಲ್ಕೂ ಬದಿಯ ಫೋಟೋ, ಅಳತೆ, ಯಾವ ಕಂಬ ಯಾವ ಬದಿಯದ್ದು ಅನ್ನುವ ಗುರುತು ಇರಲಿ.

ಹಾಡಿಮನೆ, ಬ್ರಹ್ಮಾವರ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಹುಡುಗನ ಅಪ್ಪನ ಹತ್ತಿರ ಮಾತಾಡಿದೆ. ಕಲ್ಲು ತಂಗುದಾಣದಲ್ಲೇ ಇರಲಿ, ಜನ ಕೂತುಕೊಳ್ಳುವ ಕಡೆ ಅವನ ಹೆಸರಿರಲಿ ಅಂದರು. ಅರ್ಜಿಗೆ ಮೊದಲ ಸಹಿ ಅವರದ್ದೇ. ಹೊರೆಕಲ್ಲಿಗೆ ಪಕ್ಕದ ಮನೆಯವರು ತಮ್ಮ ಗೇಟಿನ ಬದಿಯಲ್ಲಿ ಜಾಗ ಕೊಡುತ್ತಾರಂತೆ. ಈ ಭಾನುವಾರ ಬೆಳಿಗ್ಗೆ ಹಿರಿಯರನ್ನು ಕರೆದುಕೊಂಡು ಹಾಡಿಗೆ ಹೋಗುತ್ತೇವೆ. ಹತ್ತಿರದವರು ಯಾರಾದರೂ ಬರುವುದಾದರೆ ತಿಳಿಸಿ, ಮರ ಗುರುತಿಸಲು ಜನ ಬೇಕು.